ಪರದೆಯ ಆಚೆಯಿಂದ ಬಂದ ದನಿ

ದೆವ್ವ, ಗಾಳಿ ಅಂತ ಯಾರಾದರೂ ಬಾಯಿ ತೆಗೆದರೆ ಎದ್ದು ಹೋಗುವ ಪೈಕಿ ನಾನು. ಧಾರವಾಡದ ನಮ್ಮ ಮನೆಯಲ್ಲಿ ಇಂಥ ಮಾತು ಬಂದಾಗಲೆಲ್ಲ ನಾನೇ ಎಲ್ಲರ ಬಾಯಿ ಮುಚ್ಚಿಸುತ್ತಿದ್ದೆ. ಆದ್ದರಿಂದ ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೇನೂ ಸಿಟ್ಟಿಲ್ಲ. ನನ್ನ ಸಿಟ್ಟು ಇರುವುದು ಬೇರೊಬ್ಬನ ಮೇಲೆ.

ತೊಂಬತ್ತರ ದಶಕದ ಕೊನೆ. ಬ್ಯಾಂಕಿನವರು ನನ್ನನ್ನು ಕೊಚ್ಚಿಗೆ ವರ್ಗ ಮಾಡಿದ್ದರು. ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ದಾಖಲೆ ಸಂಗ್ರಹಾಲಯದಲ್ಲಿ ಹಳೆಯ ಕಾಗದಗಳ ಚಿತ್ರ ತೆಗೆದು ಕಂಪ್ಯೂಟರಿಗೆ ಹಾಕುವ ಕೆಲಸ ನಡೆದಿತ್ತು. ಸಂಬಳವಿಲ್ಲ. ಬಿಡುವಿನಲ್ಲಿ ಮನೆಯಲ್ಲಿ ಕೂತು ಮಾಡುವುದೇನು ಎಂದು ನಾನಿದ್ದ ವೈಟ್ಟಿಲದಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಕೆಲಸಕ್ಕೆ ಇಬ್ಬರು ಬೇಕು. ಕ್ಯಾಮೆರಾದ ಕೆಳಗೆ ಕೂತವರು ಪುಟ ತಿರುವಿ, ಅಂಚು ಒತ್ತಿ ಹಿಡಿದು ಮಲಯಾಳದಲ್ಲಿ "ಶರಿ", ಅಂದರೆ ಸರಿ, ಅನ್ನಬೇಕು. ಕಪ್ಪು ಪರದೆಯ ಈಚೆ ಕಂಪ್ಯೂಟರಿನ ಮುಂದೆ ಕೂತವರು ಬಟನ್ ಒತ್ತಬೇಕು. ಮಾನಿಟರಿನ ಬೆಳಕು ಕಾಗದದ ಮೇಲೆ ಬೀಳಬಾರದೆಂದು ಆ ಪರದೆ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

ನನ್ನ ಜೋಡಿ ಅನ್ನಮ್ಮ ಚೇಚಿ, ಅಂದರೆ ಅನ್ನಮ್ಮಕ್ಕ, ನಿವೃತ್ತ ಶಾಲಾ ಶಿಕ್ಷಕಿ. ಪುಟ ತಿರುವುತ್ತಿದ್ದವರು ಅವರು, ಬಟನ್ ಒತ್ತುತ್ತಿದ್ದವಳು ನಾನು. ಅವರು ಬರುತ್ತಿದ್ದುದು ಒಂದೇ ಒಂದು ಕಟ್ಟಿಗಾಗಿ. ಗದ್ದೆಗಳಲ್ಲಿ ಜೀತಕ್ಕಿದ್ದವರು ಹಿಂದೆ ಸರ್ಕಾರಕ್ಕೆ ಬರೆಸಿ ಕೊಟ್ಟ ಅರ್ಜಿಗಳು ಅದರಲ್ಲಿದ್ದವು. ತೇವಕ್ಕೆ ಹಾಳೆಗಳೆಲ್ಲ ಅಂಟಿಕೊಂಡಿದ್ದವು. ಚೇಚಿ ತೆಂಗಿನ ಗರಿಯ ಕಡ್ಡಿಯಿಂದ ಒಂದೊಂದನ್ನೇ ಬಿಡಿಸುತ್ತಿದ್ದರು. "ನಮ್ಮ ಹಿರಿಯರ ಹೆಸರು ಬೇರೆಲ್ಲೂ ಇಲ್ಲ ಮೋಳೇ, ಇದರಲ್ಲಿ ಮಾತ್ರ ಇದೆ" ಎಂದು ಮಗಳನ್ನು ಕರೆಯುವ ಹಾಗೆ ಕರೆದು ಹೇಳಿದ್ದರು.

ಅಲ್ಲಿನ ಮೇಲಧಿಕಾರಿಗೆ ಇದೆಲ್ಲ ದಂಡ. ಅಂಟಿಕೊಂಡ ಕಟ್ಟುಗಳನ್ನು ರದ್ದಿಗೆ ಹಾಕಿ ಎಂದು ಹುಕುಂ ಮಾಡಿದ. ಅದೇ ವಾರ ಚೇಚಿ ತಿರುವನಂತಪುರದ ಮಗಳ ಮನೆಯಲ್ಲಿ ಕುಸಿದು ಬಿದ್ದು ಆಸ್ಪತ್ರೆ ಸೇರಿದರು. ಪ್ರಜ್ಞೆ ಇಲ್ಲವೆಂದು ಸುದ್ದಿ ಬಂತು. ಅವರು ಬರುವವರೆಗಾದರೂ ಆ ಕಟ್ಟು ಇರಲಿ ಎಂದು ಕೈಮುಗಿದು ಕೇಳಿದೆ. ಪುಣ್ಯಾತ್ಮ ತಲೆ ಕೂಡ ಎತ್ತಲಿಲ್ಲ. ಶನಿವಾರ ಸಂಜೆ ಲಾರಿ ಬರುತ್ತದೆ ಎಂದಷ್ಟೇ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಶನಿವಾರ ಬ್ಯಾಂಕಿನ ಅರ್ಧ ದಿನ ಮುಗಿದದ್ದೇ ಅಲ್ಲಿಗೆ ಓಡಿದೆ. ಅವನು ಬಂದು ತಡೆಯಬಾರದೆಂದು ಕೋಣೆಗೆ ಒಳಗಿನಿಂದ ಚಿಲಕ ಹಾಕಿದೆ. ಒಬ್ಬಳೇ ಹಾಳೆ ಬಿಡಿಸುವುದು, ಪರದೆ ದಾಟಿ ಬಂದು ಬಟನ್ ಒತ್ತುವುದು. ಒಂದೆರಡು ಹಾಳೆ ಹರಿದೇ ಹೋದವು. ಅವನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾ ಕಂಪ್ಯೂಟರಿನ ಮುಂದೆ ಕೂತುಬಿಟ್ಟೆ. ಆಗ ಪರದೆಯ ಆಚೆಯಿಂದ "ಶರಿ" ಎಂದು ಕೇಳಿಸಿತು.

ಅಭ್ಯಾಸಬಲ ನೋಡಿ, ಬೆರಳು ತಾನಾಗಿ ಬಟನ್ ಒತ್ತಿತು. ಮಾನಿಟರಿನಲ್ಲಿ ಹೊಸ ಪುಟ. ಮತ್ತೆ ಅದೇ ದನಿ, ಮತ್ತೊಂದು ಪುಟ. ಅವಸರವಿಲ್ಲದ, ಚೇಚಿಯದೇ ದನಿ. ಪರದೆ ಸರಿಸಿ ನೋಡಬಹುದಿತ್ತಲ್ಲ ಎನ್ನುತ್ತೀರಿ. ನೋಡಿದರೆ ಎಲ್ಲಿ ನಿಂತುಬಿಡುತ್ತದೋ ಎಂಬ ಭಯ. ಲಾರಿ ಬೇರೆ ಬರುವುದರಲ್ಲಿತ್ತು. ಒತ್ತುತ್ತಲೇ ಹೋದೆ. ಕೊನೆಗೆ ದನಿ ನಿಂತಿತು. ಪರದೆ ಸರಿಸಿದರೆ ಯಾರೂ ಇಲ್ಲ. ಚಿಲಕ ಹಾಕಿದ ಹಾಗೆಯೇ ಇತ್ತು. ಹಾಳೆಗಳೆಲ್ಲ ಬಿಡಿಬಿಡಿಯಾಗಿ ಒಂದರ ಮೇಲೊಂದು ಕೂತಿದ್ದವು.

ಸಂಜೆ ಲಾರಿ ಆ ಕಟ್ಟನ್ನು ಒಯ್ದಿತು. ಚೇಚಿ ಎಚ್ಚರವಾಗದೆಯೇ ತೀರಿಕೊಂಡರು. ಮುಂದೆ ಆ ಚಿತ್ರಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರತೊಡಗಿದಾಗ ಮೇಲಧಿಕಾರಿ ಎಲ್ಲ ತಾನೇ ಉಳಿಸಿದವನ ಹಾಗೆ ಮೆರೆದ. ಚಿತ್ರ ತೆಗೆದವರು ಯಾರು, ಪುಟ ತಿರುವಿದವರು ಯಾರು ಎಂದು ಪ್ರತಿ ಕಟ್ಟಿನ ಜೊತೆಗೂ ನಮೂದಿಸುವುದು ಅಲ್ಲಿನ ಪದ್ಧತಿ. ಚಿತ್ರ ತೆಗೆದದ್ದಕ್ಕೆ ನನ್ನ ಹೆಸರಿತ್ತು. ಪುಟ ತಿರುವಿದ್ದಕ್ಕೆ, ನಾಚಿಕೆಗೆಟ್ಟವನು, ತನ್ನ ಹೆಸರು ಹಾಕಿಕೊಂಡಿದ್ದ. ಅಲ್ಲಿ ಇರಬೇಕಾದದ್ದು ಅನ್ನಮ್ಮ ಚೇಚಿಯ ಹೆಸರು ಎಂದು ಅವನ ಮೇಜಿನ ಮುಂದೆ ನಿಂತು ಜಗಳವಾಡಿದೆ.

ಅವನು ನಿಧಾನವಾಗಿ ಕನ್ನಡಕ ತೆಗೆದ. "ಆ ದಿನ ಅವರು ತಿರುವನಂತಪುರದ ಆಸ್ಪತ್ರೆಯಲ್ಲಿದ್ದರಲ್ಲ ಮೇಡಂ. ಇಲ್ಲಿ ನೀವು ಅವರನ್ನು ಕಣ್ಣಾರೆ ಕಂಡಿರಾ?"

ಕಂಡಿರಲಿಲ್ಲ. ಅಲ್ಲಿ ಈಗಲೂ ಅವನ ಹೆಸರೇ ಇದೆ.