ಹೂವಿನ ಚಿಕ್ಕಮ್ಮನ ಬಿಸಿ ಕೈ

ಉಡುಪಿ ಬಸ್ ನಿಲ್ದಾಣದಲ್ಲಿ ಕೊಂಡ ಮಲ್ಲಿಗೆ ಕಾಪು ತಲುಪುವಷ್ಟರಲ್ಲಿ ನನ್ನ ಕೈಯಲ್ಲೇ ಕೆಂಪಾಗತೊಡಗಿತ್ತು. ಬಸ್ಸಿನಲ್ಲಿ ಮತ್ತೆ ಆ ಬಿಸಿ ಎದೆಯಿಂದ ಕುತ್ತಿಗೆಗೆ ಏರಿ, ಅಂಗೈಯೆಲ್ಲ ಬೆವೆತು, ಹೂವಿನ ಪೊಟ್ಟಣ ಒದ್ದೆಯಾಗಿತ್ತು. ನಾನು ಕಲಿಸುವ ಶಾಲೆಯ ಸ್ಟಾಫ್ ರೂಮಿನಲ್ಲಿ ಬಾಳೆಲೆ ಬಿಚ್ಚಿದಾಗ ಒದ್ದೆ ಮಲ್ಲಿಗೆಯ, ಸ್ವಲ್ಪ ಮುಗ್ಗಿದ ಆ ವಾಸನೆ… ಹೂವಿನ ಚಿಕ್ಕಮ್ಮ ನೆನಪಾದರು.

ಅವರು ನಮಗೆ ಸಂಬಂಧವೇನಲ್ಲ, ಬೇಲಿಯಾಚೆಯ ಮನೆಯವರು. ಅಮ್ಮನಿಗೆ ಒಂದಷ್ಟು ಮಲ್ಲಿಗೆ ಗಿಡಗಳಿದ್ದವು. ಬೆಳಗಾಗುತ್ತಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಿಸಿಲೇರುವ ಮೊದಲು ಹೂವಿನ ಏಜೆಂಟರಿಗೆ ಮುಟ್ಟಿಸಬೇಕು. ಚಿಕ್ಕಮ್ಮ ನಮ್ಮಲ್ಲಿ ಕೂಲಿಗೆ ಕೊಯ್ದು ಕಟ್ಟುತ್ತಿದ್ದರು. ಗಂಡ ತೀರಿಹೋಗಿದ್ದರು. ಮನೆ ನಡೆಯುತ್ತಿದ್ದುದು ಆ ಹೂವಿನಿಂದಲೇ.

ಮುಟ್ಟಾದವರು ಮಲ್ಲಿಗೆ ಗಿಡದ ಹತ್ತಿರ ಹೋದರೆ ಗಿಡ ಕರಟಿ ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ತಿಂಗಳಿಗೆ ನಾಲ್ಕು ದಿನ ಅವರಿಗೆ ಕೆಲಸವಿಲ್ಲ. ಬಾಯಿಬಿಟ್ಟು ಹೇಳಬೇಕೆಂದಿರಲಿಲ್ಲ. ಗೇಟಿನ ಆಚೆಯೇ ನಿಂತು ಅಮ್ಮನನ್ನು ಕರೆದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಹೂ ಕಟ್ಟಲು ಹೆಂಗಸರ ಕೈಯೇ ಬೇಕು, ಹೆಂಗಸರ ಮೈ ಮಾತ್ರ ಬೇಡ! ಈಗ ನೆನೆದರೆ ಸಿಟ್ಟು ಬರುತ್ತದೆ. ಆಗ ನನಗೂ ಅದು ತಪ್ಪೆನಿಸಿರಲಿಲ್ಲ.

“ಇದೊಂದು ನಿಂತರೆ ಸಾಕಿತ್ತು ಅಕ್ಕ, ಮತ್ತೆ ತಿಂಗಳಿಡೀ ನಾನೇ ಕಟ್ಟುವುದು,” ಎಂದು ಚಿಕ್ಕಮ್ಮ ಅಮ್ಮನಲ್ಲಿ ಹೇಳುತ್ತಿದ್ದರು. ನಿಲ್ಲುವುದೆಂದರೆ ನಲ್ಲಿ ತಿರುಗಿಸಿದಷ್ಟು ಸುಲಭ ಎಂದುಕೊಂಡಿದ್ದರು, ಪಾಪ.

ಕೆಲವು ತಿಂಗಳು ಮುಟ್ಟು ಕಾಣಲಿಲ್ಲ. ಮುಗಿಯಿತೆಂದು ಚಿಕ್ಕಮ್ಮ ಉತ್ಸಾಹದಿಂದ ಬರತೊಡಗಿದರು. ಒಂದು ಬೆಳಿಗ್ಗೆ ಗಿಡಗಳ ನಡುವೆ ಮೊಗ್ಗು ಕೊಯ್ಯುತ್ತಿರುವಾಗಲೇ ಆಗಿಬಿಟ್ಟಿತು. ಬುಟ್ಟಿ ಅಲ್ಲೇ ಬಿಟ್ಟು ಮನೆಗೆ ಓಡಿದರು. ಅಮ್ಮ ಆ ಮೊಗ್ಗುಗಳನ್ನು ಬಾವಿಯ ಹಿಂದೆ ಚೆಲ್ಲಿ, ಬೇಲಿಯ ಬಳಿ ಹೋಗಿ, “ಗೊತ್ತಿಲ್ಲದೆ ಆದದ್ದಲ್ವಾ, ದೋಷ ಇಲ್ಲ,” ಎಂದಳು. ಚಿಕ್ಕಮ್ಮನ ಮನಸ್ಸಿನಿಂದ ಅದು ಹೋಗಲಿಲ್ಲ. ಆಮೇಲೆ ಬಹಳ ಕಾಲ ಹೊತ್ತುಗೊತ್ತಿಲ್ಲದ ರಕ್ತಸ್ರಾವ, ಬಿಳಿಚಿದ ಮುಖ, ಸರಕಾರಿ ಆಸ್ಪತ್ರೆಯ ಕಬ್ಬಿಣದ ಮಾತ್ರೆ… ತಿಂಗಳಲ್ಲಿ ಅರ್ಧದಷ್ಟು ದಿನ ಗೇಟಿನ ಆಚೆಯೇ ಉಳಿದರು.

ಕೊನೆಗೆ ನಿಜವಾಗಿಯೂ ನಿಂತಿತು. ಇನ್ನೇನು ತಿಂಗಳಿಡೀ ಹೂ ಕಟ್ಟಬಹುದು ಎನ್ನುವಾಗ ಮೈಬಿಸಿ ಶುರುವಾಯಿತು. ಕುಳಿತಲ್ಲೇ ಮುಖ ಕೆಂಪೇರುವುದು, ರವಿಕೆ ಬೆನ್ನಿಗೆ ಅಂಟಿಕೊಳ್ಳುವುದು. ರಾತ್ರಿ ನಿದ್ದೆಯಿಲ್ಲ ಎನ್ನುತ್ತಿದ್ದರು. ಅಂಗೈ ಉರಿಯಂತೂ ತಡೆಯಲಾಗದೆ ಪಕ್ಕದಲ್ಲೊಂದು ಚೊಂಬು ನೀರಿಟ್ಟು, ಕೈ ಅದ್ದಿ ಅದ್ದಿ ಕಟ್ಟತೊಡಗಿದರು. ಒದ್ದೆ ಕೈ ತಾಗಿದ ಮೊಗ್ಗು ಬೇಗ ಕೆಡುತ್ತದೆಂದು ಅವರಿಗೆ ಗೊತ್ತಿರಲಿಲ್ಲವೇ? ಸೆರಗಿಗೆ ಒರೆಸಿಕೊಳ್ಳುತ್ತಿದ್ದರು, ಒರೆಸಿದ ಕೈ ಮತ್ತೆ ಬೆವರುತ್ತಿತ್ತು.

ಏಜೆಂಟರು ಒಂದು ದಿನ ಹೂ ವಾಪಸು ತಂದರು. “ಎಂತ ಅಕ್ಕ ಇದು? ನೀರು ತಾಗಿದ ಹೂ ಮಧ್ಯಾಹ್ನಕ್ಕೆ ಕೆಂಪಾಗ್ತದೆ. ನಾನು ಯಾರಿಗೆ ಕೊಡುವುದು?” ಮರುವಾರ ಮತ್ತೆ ತಂದರು.

“ಸ್ವಲ್ಪ ದಿನ ಸುಧಾರಿಸಿಕೊ ಮಾರಾಯ್ತಿ, ಮತ್ತೆ ಬಾ,” ಎಂದಳು ಅಮ್ಮ, ಬೇರೆಲ್ಲೋ ನೋಡುತ್ತಾ.

ಚಿಕ್ಕಮ್ಮ ತಮ್ಮ ಅಂಗೈಗಳನ್ನೇ ನೋಡಿಕೊಂಡರು. “ಇದು ಗಿಡದ ಸಿಟ್ಟು ಅಕ್ಕ. ಅವತ್ತು ಅದರ ಮಧ್ಯದಲ್ಲೇ ನಿಂತಿದ್ದೆನಲ್ಲ… ಅದು ಬಿಡ್ತದಾ?”

ಅಮ್ಮ ಅಲ್ಲವೆನ್ನಲಿಲ್ಲ. ಅಲ್ಲವೆನ್ನಲು ಅವಳಿಗಾದರೂ ಏನು ಗೊತ್ತಿತ್ತು? ಡಿಗ್ರಿ ಓದುತ್ತಿದ್ದ ನನಗೂ ಗೊತ್ತಿರಲಿಲ್ಲ.

ಅವರು ಮತ್ತೆ ಹೂ ಕಟ್ಟಲಿಲ್ಲ. ಸಿಗಡಿ ಸುಲಿಯುವ ಶೆಡ್ಡಿಗೆ ಹೋಗತೊಡಗಿದರು. “ಅಲ್ಲಿ ಐಸ್ ಉಂಟು ಮಗ, ಕೈಗೆ ತಂಪು,” ಎಂದು ದಾರಿಯಲ್ಲಿ ಸಿಕ್ಕಾಗ ನಗುತ್ತಿದ್ದರು. ದೇವರಿಗೆಂದು ಮಲ್ಲಿಗೆ ಕೊಟ್ಟರೆ ಮಾತ್ರ ಕೈ ಹಿಂದೆ ಮಾಡುತ್ತಿದ್ದರು. ನನ್ನ ಮದುವೆಗೆ ಬಂದಾಗಲೂ ಹೂವಿನ ತಟ್ಟೆ ಮುಟ್ಟಿರಲಿಲ್ಲ. ಕೆಲವು ವರ್ಷಗಳ ನಂತರ ಕಾಯಿಲೆ ಬಿದ್ದು ತೀರಿಕೊಂಡರು.

ಕಳೆದ ತಿಂಗಳು ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಿದೆ. ಪಾಠ ಮಾಡುವಾಗ ಬೆವೆತು ಮಾತು ಮರೆಯುತ್ತದೆ, ಸಾಕಾಗಿ ಹೋಗಿದೆ ಎಂದೆ. “ಮುಟ್ಟು ನಿಲ್ಲುವಾಗ ತುಂಬ ಜನರಿಗೆ ಹೀಗೆ ಆಗ್ತದೆ. ಇದು ನಿಮ್ಮ ತಪ್ಪಲ್ಲ,” ಎಂದರು ಆಕೆ. ನನಗೆ ಅಳು ಬಂದುಬಿಟ್ಟಿತು. ನಾನು ಹೆದರಿದ್ದೇನೆಂದು ತಿಳಿದು ಡಾಕ್ಟರ್ ಮತ್ತೊಮ್ಮೆ ಸಮಾಧಾನ ಹೇಳಿದರು. ಆ ಮಾತು ತಲುಪಬೇಕಾಗಿದ್ದವರು ಬೇಲಿಯಾಚೆ ಈಗ ಇಲ್ಲ ಎಂದು ಅವರಿಗೆ ಹೇಗೆ ಹೇಳುವುದು…

ಸ್ಟಾಫ್ ರೂಮಿನಲ್ಲಿ ಯಾರೋ ನನ್ನ ಮುಖ ನೋಡಿ ಫ್ಯಾನ್ ಜೋರು ಮಾಡಿದರು. “ಟೀಚರ್, ಆ ಹೂ ಹಾಳಾಗಿದೆ, ಬಿಸಾಡಿ,” ಎಂದರು.

ನಾನು ಬಿಸಾಡಲಿಲ್ಲ. ಕೆಂಪಾದದ್ದನ್ನೇ ಮುಡಿದುಕೊಂಡು ತರಗತಿಗೆ ಹೋದೆ.