ಕಸದ ತೊಟ್ಟಿಯಿಂದ ದೇವರ ಹೆಸರು ಎತ್ತುವ ರೈಜಲಜ್ಜಿ

ಬೆಳಿಗ್ಗೆ ಐದೂಮುಕ್ಕಾಲು. ಅಮೆರಿಕದ ಕ್ಯಾಟ್ಸ್‌ಕಿಲ್ ಬೆಟ್ಟಗಳ ನಡುವಿನ ಗಲ್ ಓರೆನ್ ಎಂಬ ಯೆಹೂದಿ ಬೇಸಿಗೆ ಶಿಬಿರದಲ್ಲಿ ಮುನ್ನೂರ ಹನ್ನೆರಡು ಮಕ್ಕಳು ಇನ್ನೂ ಮಲಗಿದ್ದಾರೆ. ಇವತ್ತು ಕೊನೆಯ ದಿನ, ಒಂಬತ್ತಕ್ಕೆ ಬಸ್ಸುಗಳು ಬರುತ್ತವೆ. ಊಟದ ಮನೆಯ ಹಿಂದಿರುವ ಕಬ್ಬಿಣದ ದೊಡ್ಡ ಕಸದ ತೊಟ್ಟಿಯೊಳಗೆ ಅರವತ್ತೊಂಬತ್ತು ವರ್ಷದ ರೈಜಲ್ ಗಿಟ್ಲಿನ್ ಮೊಣಕಾಲವರೆಗೆ ಹೂತು ನಿಂತು ಬೈಯುತ್ತಿದ್ದಾರೆ. ತಲೆಗೆ ಹೂವಿನ ಬಟ್ಟೆ, ಕೈಗೆ ಪಾತ್ರೆ ತೊಳೆಯುವ ಹಳದಿ ಗ್ಲೌಸು. ಕಪ್ಪು ಚೀಲಗಳನ್ನು ಒಂದೊಂದಾಗಿ ಹರಿಯುತ್ತಾರೆ. ಕೋಳಿ ಮೂಳೆ, ಕಾಗದದ ತಟ್ಟೆ, ಒಡೆದ ಬಲೂನುಗಳ ನಡುವಿನಿಂದ ಹಾಳೆಗಳನ್ನು ಎಳೆದು, ಏಪ್ರನ್ನಿಗೆ ಒರೆಸಿ, ತುಟಿಗೆ ಮುಟ್ಟಿಸಿ, ಪಕ್ಕದ ರಟ್ಟಿನ ಪೆಟ್ಟಿಗೆಗೆ ಹಾಕುತ್ತಾರೆ.

"ಎಂಟು ವಾರ ಪಾಠ ಹೇಳ್ತಾರೆ, ಪ್ರಾರ್ಥನೆ ಪುಸ್ತಕ ನೆಲಕ್ಕೆ ಬಿದ್ರೆ ಎತ್ತಿ ಮುತ್ತಿಡಿ ಅಂತ. ಕೊನೇ ದಿನ ಅದನ್ನೇ ಕೋಳಿ ಮೂಳೆ ಜೊತೆ ಕಟ್ಟಿ ಬಿಸಾಕ್ತಾರೆ. ಮಾನ ಮರ್ಯಾದೆ ಬೇಡ್ವಾ?"

ಯೆಹೂದಿಗಳಲ್ಲಿ, ದೇವರ ನಾಲ್ಕಕ್ಷರದ ಹೀಬ್ರೂ ಹೆಸರು ಪೂರ್ತಿಯಾಗಿ ಬರೆದ ಕಾಗದವನ್ನು ಎಸೆಯುವಂತಿಲ್ಲ, ಸುಡುವಂತಿಲ್ಲ. ಹಳತಾದರೆ ಮನುಷ್ಯರನ್ನು ಮಣ್ಣು ಮಾಡುವ ಹಾಗೆ ಮಣ್ಣು ಮಾಡಬೇಕು. ಶಿಬಿರದ ಅತಿ ಕಿರಿಯ ಮಗುವಿಗೂ ಇದು ಗೊತ್ತು. ಗೊತ್ತಿಲ್ಲದಿರುವುದು ಕಚೇರಿಗೆ ಮಾತ್ರ. ನಿನ್ನೆ ಬೀಳ್ಕೊಡುಗೆ ಊಟಕ್ಕೆ ತಟ್ಟೆಗೊಂದರಂತೆ, ಊಟದ ನಂತರದ ಪ್ರಾರ್ಥನೆಯ ಹಾಳೆ ಅಚ್ಚು ಹಾಕಿಸಿ ಇಟ್ಟವರು ಅವರೇ. ಒಂದು ಗಂಟೆಯಲ್ಲಿ ಊಟದ ಮನೆ ಖಾಲಿಯಾಗಬೇಕೆಂದು ಮಕ್ಕಳನ್ನು ನೋಡಿಕೊಳ್ಳುವ ಅಣ್ಣ ಅಕ್ಕಂದಿರಿಗೆ ಕಪ್ಪು ಚೀಲ ಕೊಟ್ಟು ಅವಸರ ಮಾಡಿದವರೂ ಅವರೇ. ಆ ಹುಡುಗರು ಮೇಜಿನ ಮೇಲಿದ್ದದ್ದನ್ನು ಮಾತ್ರ ಬಾಚಲಿಲ್ಲ, ಕಿಟಕಿಯ ಹಲಗೆಯ ಮೇಲೆ ಪ್ರದರ್ಶನಕ್ಕಿಟ್ಟಿದ್ದ ಹದಿನಾಲ್ಕು ಪುಟ್ಟ ಪುಸ್ತಕಗಳನ್ನೂ ಬಾಚಿದರು. ಎಂಟು ವರ್ಷದ ಹುಡುಗಿಯರು ಬೇಸಿಗೆಯಿಡೀ ಕೂತು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಬರೆದು, ದಾರದಲ್ಲಿ ಹೊಲಿದ ಪ್ರಾರ್ಥನೆ ಪುಸ್ತಕಗಳು ಅವು.

ಹೊಲಿಯುವುದನ್ನು ಕಲಿಸಿದವರು ರೈಜಲ್. ಅವರ ಗಂಡ ಮೆಂಡಲ್ ಬ್ರೂಕ್ಲಿನ್‌ನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದರು. ಮೂವತ್ತೊಂದು ವರ್ಷದ ಹಿಂದೆ ಅವರು ತೀರಿಕೊಂಡಾಗ ರೈಜಲ್ ಸೂಜಿ, ದಾರ, ಅಂಟಿನ ಡಬ್ಬಿ ಹಿಡಿದುಕೊಂಡು ಇಲ್ಲಿಗೆ ಬಂದರು. ಕೆಲಸದ ಪಟ್ಟಿಯಲ್ಲಿ ಅವರು ಉಗ್ರಾಣದವರು. ಹೊದಿಕೆ, ದಿಂಬು, ಕಳೆದುಹೋದ ವಸ್ತು, ಇಷ್ಟೇ ಅವರ ಪಾಲಿಗೆ. ಈ ಬೇಸಿಗೆ ಸಿಕ್ಕಿದ ಒಂಟಿ ಕಾಲುಚೀಲ ಇನ್ನೂರ ಆರು, ಹಲ್ಲಿನ ಕ್ಲಿಪ್ಪು ಒಂಬತ್ತು. ಪ್ರಾರ್ಥನೆ ಪುಸ್ತಕಗಳ ಬೆನ್ನು ಅಂಟಿಸುವುದು, ಹರಿದ ಹಾಳೆ ಕೂಡಿಸುವುದು, ಆಟದ ಮೈದಾನದ ಆಚೆ ಗುಂಡಿ ತೋಡಿ ಹೂಳುವುದು ಯಾವ ಪಟ್ಟಿಯಲ್ಲೂ ಇಲ್ಲ. ದಿನಕ್ಕೆ ಏಳೆಂಟು ಪುಸ್ತಕ ರಿಪೇರಿಯಾಗುತ್ತವೆ, ಮಧ್ಯಾಹ್ನದ ವಿಶ್ರಾಂತಿಯ ಹೊತ್ತಿನಲ್ಲಿ. ಗಂಟು ನೋವಿನಿಂದ ಬಲಗೈಯ ಎರಡು ಬೆರಳು ಈಗ ಪೂರ್ತಿ ಮಡಚುವುದಿಲ್ಲ.

ಒಂಬತ್ತು ವರ್ಷದಿಂದ ಅವರು ಕೇಳುತ್ತಿರುವುದು ಒಂದೇ. ಊಟದ ಮನೆಯ ಬಾಗಿಲ ಪಕ್ಕ ಮುಚ್ಚಳವಿರುವ ಒಂದು ಮರದ ಪೆಟ್ಟಿಗೆ. ಹಾಳೆ ಅದಕ್ಕೆ ಬಿದ್ದರೆ ಸಾಕು, ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ. ಒಂಬತ್ತು ವರ್ಷದಿಂದ ಸಿಗುತ್ತಿರುವ ಉತ್ತರವೂ ಒಂದೇ: ಮುಂದಿನ ವರ್ಷ ನೋಡೋಣ. ಈ ಜುಲೈನಲ್ಲಿ ಕೆರೆಗೆ ಗಾಳಿ ತುಂಬಿದ ಡೈನೋಸಾರ್ ಜಾರುಬಂಡೆ ಬಂತು. ಪೆಟ್ಟಿಗೆ ಬರಲಿಲ್ಲ. ಎರಡು ವರ್ಷದ ಹಿಂದೆ ಇದೇ ತೊಟ್ಟಿಗೆ ಕರಡಿ ಬಂದಾಗ ಹಾಳೆ ಹೆಕ್ಕುತ್ತಿದ್ದವರು ಇವರೇ. ಎರಡು ಪಾತ್ರೆ ಬಡಿದು ಓಡಿಸಿದರಂತೆ. "ಕರಡಿ ವಾಸಿ. ಅದಕ್ಕೆ ಓದು ಬರ್ತಿರಲಿಲ್ಲ" ಅನ್ನುತ್ತಾರೆ.

ಏಳು ಗಂಟೆಯ ಹೊತ್ತಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಹದಿಮೂರು ಪುಟ್ಟ ಪುಸ್ತಕಗಳು. ಹದಿನಾಲ್ಕನೆಯದು, ನೆಹಾಮಾ ಎಂಬ ಹುಡುಗಿಯ ಹಸಿರು ರಟ್ಟಿನದು, ಸಿಕ್ಕಿಲ್ಲ. ಏಳೂವರೆಗೆ ಕಸದ ಲಾರಿ ಬರುತ್ತದೆ.

ಏಳೂಕಾಲಿಗೆ ನಿರ್ದೇಶಕ ಎಫಿ ಸ್ಯಾಕ್ಸ್ ಓಡಿಬರುತ್ತಾರೆ. ಮೂವತ್ತೆಂಟು ವರ್ಷ, ಕೊನೆಯ ದಿನಕ್ಕೆಂದು ಇಸ್ತ್ರಿ ಮಾಡಿಸಿದ ಬಿಳಿ ಅಂಗಿ.

"ರೈಜಲ್, ದಯವಿಟ್ಟು ಹೊರಗೆ ಬನ್ನಿ. ಕೆಲವು ತಂದೆತಾಯಿಗಳು ಕಾರಲ್ಲಿ ಬರೋ ಹೊತ್ತು. ನೋಡಿದವರು ಏನಂದ್ಕೋತಾರೆ?"

"ಇದ್ದದ್ದನ್ನೇ ಅಂದ್ಕೋತಾರೆ."

"ಪುಸ್ತಕದ್ದೆಲ್ಲ ಫೋಟೋ ತೆಗೆದಿದ್ದೀವಿ. ಪ್ರತಿ ಪುಟದ್ದೂ ಇದೆ. ಮನೆಯವರಿಗೆ ಕಳಿಸ್ತೀವಿ."

ರೈಜಲ್ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. "ಎಫಿ, ಒಂಬತ್ತು ವರ್ಷದವನಿದ್ದಾಗ ನಿನ್ನ ಚಡ್ಡಿ ಕಳೆದುಹೋಗಿ ಟವೆಲ್ ಸುತ್ಕೊಂಡು ಉಗ್ರಾಣದ ಬಾಗಿಲಲ್ಲಿ ಅಳ್ತಾ ನಿಂತಿದ್ದೆ. ಆಗ ಚಡ್ಡಿ ಫೋಟೋ ಕೊಟ್ಟು ಕಳಿಸಿದ್ನಾ ನಾನು?"

ನಿರ್ದೇಶಕರು ಆ ಕಡೆ ಈ ಕಡೆ ನೋಡುತ್ತಾರೆ. ಅಷ್ಟರಲ್ಲಿ ಲಾರಿ ಬಂದೇ ಬಿಡುತ್ತದೆ. ಚಾಲಕ ವೆಂಡೆಲ್ ಈ ಸೀಮೆಯವನೇ, ಯೆಹೂದಿಯಲ್ಲ, ಹನ್ನೊಂದು ವರ್ಷದಿಂದ ಇಲ್ಲಿನ ಕಸ ಒಯ್ಯುತ್ತಿದ್ದಾನೆ. ತೊಟ್ಟಿಯೊಳಗಿನ ಹೂವಿನ ತಲೆಬಟ್ಟೆ ನೋಡಿದವನೇ ಇಂಜಿನ್ ಆರಿಸುತ್ತಾನೆ.

"ಇನ್ನೂ ಎಷ್ಟು ಬಾಕಿ, ಅಮ್ಮಾ?"

"ಒಂದು."

"ಹಂಗಾದ್ರೆ ಕಾಯ್ತೀನಿ ಬಿಡಿ" ಎಂದು ವೆಂಡೆಲ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಾನೆ. ಆಮೇಲೆ ನಿರ್ದೇಶಕರ ಕಡೆ ತಿರುಗುತ್ತಾನೆ. "ಸಾರ್, ನೀವೂ ಇಳಿದ್ರೆ ಬೇಗ ಆಗುತ್ತೆ."

ಪರಧರ್ಮದ ಲಾರಿ ಚಾಲಕನಿಗೆ ಇರುವ ವಿವೇಕ ಧರ್ಮ ಕಲಿಸಲೆಂದೇ ನಡೆಯುವ ಶಿಬಿರದ ಕಚೇರಿಗಿಲ್ಲ ಎಂದರೆ ಮೈ ಉರಿಯುವುದಿಲ್ಲವೆ? ಆದರೂ ಹೇಳಲೇಬೇಕು, ಎಫಿ ಇಳಿಯುತ್ತಾರೆ. ಬಿಳಿ ಅಂಗಿ ಮೂರನೆಯ ಚೀಲಕ್ಕೇ ಬಣ್ಣಗೆಡುತ್ತದೆ. ಏಳನೆಯ ಚೀಲದ ತಳದಲ್ಲಿ, ಕೇಕಿನ ಡಬ್ಬಿಯೊಳಗೆ, ಹಸಿರು ರಟ್ಟು ಕಾಣುತ್ತದೆ. ಅವರು ಅದನ್ನು ಎತ್ತಿ, ತುಟಿಗೆ ಮುಟ್ಟಿಸುತ್ತಾರೆ. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಬಾಲ್ಯದಲ್ಲಿ ಇಲ್ಲೇ ಕಲಿತದ್ದು.

ಒಂಬತ್ತಕ್ಕೆ ಬಸ್ಸಿನ ಮೆಟ್ಟಿಲ ಬಳಿ ನಿಂತು ರೈಜಲ್ ಹದಿನಾಲ್ಕನ್ನೂ ಹಂಚುತ್ತಾರೆ. ನೆಹಾಮಾ ಪುಸ್ತಕ ಮೂಸಿ ನೋಡುತ್ತಾಳೆ.

"ರೈಜಲಜ್ಜಿ, ಇದ್ರಲ್ಲಿ ಕೇಕಿನ ವಾಸನೆ ಬರ್ತಿದೆ."

"ಹಸಿವಾದ್ರೆ ತಿನ್ಬೇಡ. ಓದು."

ಬಸ್ಸು ಹೊರಡುವ ಮುಂಚೆ, ಎಲ್ಲರ ಎದುರು, ಕಚೇರಿ ಅವರಿಗೊಂದು ಗೌರವಪತ್ರ ಕೊಡುತ್ತದೆ. ಮೂವತ್ತೊಂದು ವರ್ಷದಲ್ಲಿ ಮೊದಲನೆಯದು. ದಪ್ಪ ಕಾಗದ, ಚಿನ್ನದ ಅಂಚು. ಮೇಲ್ಗಡೆ ಹೀಬ್ರೂವಿನಲ್ಲಿ 'ದೇವರು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ' ಎಂಬ ಸಾಲು. ಅಚ್ಚು ಹಾಕಿಸಿದವರು ಯಾರೋ, ದೇವರ ಹೆಸರನ್ನು ನಾಲ್ಕೂ ಅಕ್ಷರ ಬಿಡದೆ ಹಾಕಿಸಿಬಿಟ್ಟಿದ್ದಾರೆ. ಇಂಥ ಕಾಗದದಲ್ಲಿ ಅದನ್ನು ಮೊಟಕು ಮಾಡಿ ಬರೆಯುವುದು ರೂಢಿ. ರೈಜಲ್ ಓದುತ್ತಾರೆ, ಎಫಿಯ ಮುಖ ನೋಡುತ್ತಾರೆ, ಪತ್ರವನ್ನು ಏಪ್ರನ್ನಿನ ಜೇಬಿಗೆ ಸೇರಿಸುತ್ತಾರೆ.

ಹನ್ನೊಂದು ಗಂಟೆ. ಶಿಬಿರ ಖಾಲಿ. ಮೈದಾನದ ಆಚೆ ಮೇಪಲ್ ಮರದ ಬುಡದಲ್ಲಿ ಗುಂಡಿ ಸಿದ್ಧವಾಗಿದೆ. ಇಷ್ಟು ವರ್ಷ ರೈಜಲ್ ಒಬ್ಬರೇ ತೋಡುತ್ತಿದ್ದದ್ದು, ಈ ಸಲ ಗುದ್ದಲಿ ಎಫಿಯ ಕೈಯಲ್ಲಿದೆ. ಮುನ್ನೂರೈವತ್ತಕ್ಕೂ ಹೆಚ್ಚು ಹಾಳೆ, ರಿಪೇರಿಯಾಗದ ಇಪ್ಪತ್ತೆರಡು ಪುಸ್ತಕ ಒಳಗಿಳಿಯುತ್ತವೆ. ಮುಂದಿನ ಬೇಸಿಗೆಗೆ ನಿಮಗೇನು ಬೇಕು ಎಂದು ಕೇಳಿದರೆ ರೈಜಲ್ ಯೋಚಿಸುವುದೂ ಇಲ್ಲ.

"ಪೆಟ್ಟಿಗೆ. ಮುಚ್ಚಳ ಇರಬೇಕು, ಮಳೆ ನೀರು ಹೋಗಬಾರದು. ಇನ್ನೇನು ಬೇಡ."

"ಮುಂದಿನ ವರ್ಷ..." ಎನ್ನಹೊರಟ ಎಫಿ ಅಲ್ಲಿಗೇ ನಿಲ್ಲಿಸಿ ಗುದ್ದಲಿ ನೋಡುತ್ತಾರೆ. "ನಾಳೆ ಬಡಗಿಗೆ ಹೇಳ್ತೀನಿ."

"ನಾಳೆ ಫೋನ್ ಮಾಡಿ ಕೇಳ್ತೀನಿ" ಎನ್ನುತ್ತಾರೆ ರೈಜಲ್. ಆಮೇಲೆ ಏಪ್ರನ್ನಿನ ಜೇಬಿನಿಂದ ಗೌರವಪತ್ರ ತೆಗೆದು, ತುಟಿಗೆ ಮುಟ್ಟಿಸಿ, ಬಗ್ಗಿ ಎಲ್ಲ ಹಾಳೆಗಳ ಮೇಲೆ ಇಡುತ್ತಾರೆ.

ಎಫಿ ಗುದ್ದಲಿ ಕೆಳಗಿಡುತ್ತಾರೆ. "ಅದು ನಿಮ್ಮದು, ರೈಜಲ್. ಬೇಡ್ವಾ ನಿಮಗೆ?"

"ಬೇಡ ಅಂದ್ನಾ? ಚೆನ್ನಾಗಿದೆ. ಆದ್ರೆ ಗೋಡೆಗೆ ಹಾಕಿದ್ರೆ, ನಾನು ಹೋದ ಮೇಲೆ ಯಾರೋ ಮನೆ ಖಾಲಿ ಮಾಡೋಕೆ ಬರ್ತಾರೆ. ಕಪ್ಪು ಚೀಲ ತರ್ತಾರೆ. ಆಗ ಹೆಕ್ಕೋಕೆ ನಾನಿರಲ್ಲ. ಮಣ್ಣು ಎಳಿ."