ಮೊದಲು ಕುರ್ಚಿ, ಆಮೇಲೆ ಎಲೆಕ್ಷನ್

ನಂಜುಂಡಯ್ಯ ಮೇಷ್ಟ್ರನ್ನು ನಾವು ಯಾರೂ ಸೋಲಿಸಲಿಲ್ಲ. ಸೋಲಿಸಿದ್ದು ಅವರ ಬಾಯಿ, ಮತ್ತೆ ಆ ಜಪಾನು.

ಮಕ್ಕಳ ಹಿಂದೆ ಈ ಪರದೇಶಕ್ಕೆ ಬಂದು, ಗಿರಾವೀನ್ ಪಾರ್ಕಿನಲ್ಲಿ ಬೆಳಗಿನ ಹೊತ್ತು ಸೇರುವ ನಮ್ಮ ಮುದುಕ ಮುದುಕಿಯರ ಗುಂಪಿಗೆ ಅವರು ಅಧ್ಯಕ್ಷರು. ಜನವರಿ ಅಂದರೆ ಇಲ್ಲಿ ಬೇಸಿಗೆ; ಆ ಉರಿಬಿಸಿಲಲ್ಲೂ ಕಿವಿಗೆ ಮಫ್ಲರು, ಕೈಯಲ್ಲಿ ಮಡಿಸುವ ಕುರ್ಚಿ. ನಾವೆಲ್ಲ ಹುಲ್ಲಿನ ಮೇಲೆ, ಅವರು ಮಾತ್ರ ಕುರ್ಚಿಯ ಮೇಲೆ. ಮೈಸೂರಿನಲ್ಲಿ ಇತಿಹಾಸ ಕಲಿಸಿದವರು, ಇಲ್ಲಿ ಮಗನ ಮನೆಯಲ್ಲಿದ್ದರು. ಮಿಕ್ಕ ಇತಿಹಾಸವೆಲ್ಲ ಎಲ್ಲಿ ಹೋಯಿತೋ, ಬಾಯಿ ತೆರೆದರೆ ಚಕ್ರವರ್ತಿಗಳ ಕಾಲದ ಜಪಾನಿನ ಚುನಾವಣೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಅದು ಬಾಯಿಪಾಠವಾಗಿಬಿಟ್ಟಿತ್ತು.

"ನೋಡಿ ಗೌರಮ್ಮ, ಅಲ್ಲಿ ಚಕ್ರವರ್ತಿ ಮೊದಲು ಪ್ರಧಾನಿನ ಕೂರಿಸೋನು. ಕೂತೋನು ಆಮೇಲೆ ಎಲೆಕ್ಷನ್ ಇಡೋನು. ಸಾಮಾನ್ಯವಾಗಿ ಕೂತೋನ ಕಡೆಯೋರೇ ಗೆಲ್ಲೋರು!"

"ನಿಮ್ಮನ್ನ ಯಾವ ಚಕ್ರವರ್ತಿ ಕೂರಿಸಿದ್ದು?" ಅಂದೆ.

"ಕುರ್ಚಿ ನಂದೇ ಅಲ್ವಾ?"

ಹೀಗೆ ಮೊದಲು ಕೂತು, ಆಮೇಲೆ ನಮ್ಮ ಕೈ ಎತ್ತಿಸಿ ಪ್ರತಿವರ್ಷ ಗೆಲ್ಲುತ್ತಿದ್ದರು. ಆ ಪದವಿ ಅವರಿಗೆ ಬೇಕೇ ಬೇಕಿತ್ತು. ಮೆಲ್ಬರ್ನಿನ ಮಗಳು ಮಗು ನೋಡಿಕೊಳ್ಳಲು ಬನ್ನಿ ಎಂದು ಕರೆದಾಗಲೆಲ್ಲ, "ಅಧ್ಯಕ್ಷನೇ ಊರು ಬಿಟ್ರೆ ಹೇಗಮ್ಮ?" ಎಂದು ತಪ್ಪಿಸಿಕೊಳ್ಳುತ್ತಿದ್ದರು.

ಈ ಸಲ ಯಾಕೋ ಹುಮ್ಮಸ್ಸು ಹೆಚ್ಚಾಯಿತು. ಜಪಾನಿನವರ ಹಾಗೆ ಪ್ರತಿಯೊಬ್ಬರೂ ತಮಗೆ ಬೇಕಾದವರ ಹೆಸರನ್ನು ಚೀಟಿಯಲ್ಲಿ ಸ್ವಂತ ಕೈಯಿಂದ ಬರೆಯಬೇಕು ಎಂದರು. ಚೀಟಿ ಹಂಚುವಾಗ ನಮ್ಮ ಗುಂಪಿನ ಸರೋಜಮ್ಮ ಕೇಳಿದಳು, "ಮೇಷ್ಟ್ರೇ, ಆ ಕಾಲದಲ್ಲಿ ಅಲ್ಲಿನ ಹೆಂಗಸರು ಯಾರಿಗೆ ವೋಟು ಹಾಕ್ತಿದ್ರು?"

ಸುಮ್ಮನಿರಬಹುದಿತ್ತು. "ಹೆಂಗಸರಿಗೆ ವೋಟೇ ಇರ್ಲಿಲ್ಲಮ್ಮ. ಅದಕ್ಕೇ ಎಣಿಕೆ ಬೇಗ ಮುಗೀತಿತ್ತು," ಎಂದು ತಾವೇ ನಕ್ಕರು.

"ಹೌದಾ? ಹಾಗಾದ್ರೆ ಇವತ್ತು ನನ್ನ ವೋಟು ನನಗೇ," ಎಂದಳು ಸರೋಜಮ್ಮ. ಉಳಿದ ಹೆಂಗಸರು ಪೆನ್ನಿಗೆ ಕಿತ್ತಾಡಿದರು. ನಾನೂ ನನ್ನ ಹೆಸರನ್ನೇ ದೊಡ್ಡದಾಗಿ ಬರೆದೆ.

ಚೀಟಿ ಬಿಡಿಸಿದರೆ ಒಬ್ಬೊಬ್ಬರಿಗೂ ಒಂದೊಂದು ವೋಟು. ಮೇಷ್ಟ್ರಿಗೂ ಒಂದೇ. ಗುಂಪಿನ ಇನ್ನೊಬ್ಬ ಗಂಡಸು, ಅವರ ವಾಕಿಂಗ್ ಜೊತೆಗಾರ ಕಾಮತರು, ಅವರೂ ಕೈಕೊಟ್ಟಿದ್ದರು.

"ಏನ್ರೀ ಕಾಮತರೇ, ನೀವೂನಾ?"

"ಎಲ್ಲಾ ತಮ್ಮ ತಮ್ಮ ಹೆಸರು ಬರೀತಿದ್ರು ಮೇಷ್ಟ್ರೇ. ನನ್ನ ಹೆಸರು ಬರೆಯೋಕೆ ಯಾರೂ ಇರ್ಲಿಲ್ಲ."

ಗೆದ್ದವರೇ ಇಲ್ಲ. ಆ ಸಂಜೆಯೇ ಮೇಷ್ಟ್ರ ಸೊಸೆ ಮೆಲ್ಬರ್ನಿಗೆ ಸುದ್ದಿ ಮುಟ್ಟಿಸಿದಳು. "ಅಪ್ಪಾ, ಈಗ ನೀವು ಅಧ್ಯಕ್ಷರಲ್ವಲ್ಲ, ಟಿಕೆಟ್ ಬುಕ್ ಮಾಡ್ದೆ," ಎಂದಳಂತೆ ಮಗಳು.

ಹೊರಡುವ ದಿನ ಪಾರ್ಕಿಗೆ ಬಂದರು. ಅವತ್ತೂ ಬಿಡಲಿಲ್ಲ. "ಕೊನೇಲಿ ಜಪಾನಿನ ಪಕ್ಷಗಳೆಲ್ಲ ತಾವೇ ಬಾಗಿಲು ಹಾಕ್ಕೊಂಡ್ವು ಗೌರಮ್ಮ."

"ಮೆಲ್ಬರ್ನಿನಲ್ಲಿ ಚಳಿಯಂತೆ. ಮಫ್ಲರಿಗೆ ಕೊನೆಗೂ ಒಂದು ಕೆಲಸ ಸಿಗುತ್ತೆ, ಹೋಗಿ," ಅಂದೆ.

ನಕ್ಕರು. ಕುರ್ಚಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟು ಕಾರು ಹತ್ತಿದರು. ಅಳುವುದು ಗಿಳುವುದು ಏನೂ ನಡೆಯಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಕುರ್ಚಿ ಬಿಡಿಸಿ ಕೂತೆ. ಎಲ್ಲರೂ ಬಂದ ಮೇಲೆ ಎಲೆಕ್ಷನ್ ಇಟ್ಟೆ.